ಚಾಳಿಗೊಂದು ನೀಲಿ ಬೋರ್ಡು

ನಮ್ಮ ಚಾಳಿನ ಮಾಲಕರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಸುಣ್ಣದಿಂದ ಬೆಳ್ಳಗಿರುತ್ತಿತ್ತು. ಎಲೆಗೆ ಹಚ್ಚಿದ ಸುಣ್ಣವೋ ಗೋಡೆ ಕೆರೆದ ಸುಣ್ಣವೋ ಹೇಳುವುದು ಕಷ್ಟ, ಏಕೆಂದರೆ ದಿನವಿಡೀ ಅವರು ಮಾಡುತ್ತಿದ್ದದ್ದು ಇವೆರಡೇ ಕೆಲಸ. ಸವಣೂರಿನ ಎಲೆ ಬಾಯಲ್ಲಿಟ್ಟುಕೊಂಡು ಮನೆ ಮನೆಯ ಮುಂದೆ ಸುತ್ತುವುದು, ಗೋಡೆ ಎಲ್ಲಾದರೂ ಉಬ್ಬಿದ್ದು ಕಂಡರೆ ಉಗುರಿನಿಂದ ಕೆರೆದು ಮೂಸಿ ನೋಡಿ, "ಇಲ್ಲಿ ನೀರು ಚೆಲ್ಲಿದವ್ರು ಯಾರು?" ಎಂದು ಕೂಗುವುದು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಸವಣೂರಿಗೆ ಬಂದಾಗ ಸಿಕ್ಕಿದ್ದು ಆ ಚಾಳಿನ ಮೇಲಂತಸ್ತಿನ ಎರಡು ಕೋಣೆ. ನವಾಬರ ಕಾಲದಲ್ಲಿ ಮಾಲಕರ ಅಜ್ಜ ಕಟ್ಟಿಸಿದ್ದಂತೆ. ನಡುವೆ ಅಂಗಳ, ಸುತ್ತ ಕೆಳಗೆ ನಾಲ್ಕು ಮನೆ, ಮೇಲೆ ನಾಲ್ಕು. ಮೇಲಿನ ಮನೆಗಳ ಮುಂದೆ ಹಲಗೆ ಹಾಸಿದ ಪಡಸಾಲೆ, ಅದರ ಅಂಚಿಗೆ ಕೆತ್ತನೆಯ ಸಾಗವಾನಿ ಕಟಾಂಜನ. ನೋಡಲು ಬಲು ಚೆಂದ. ಬಾಳುವುದು ಮಾತ್ರ ಶಿಕ್ಷೆ. ಎಲ್ಲರಿಗೂ ಸೇರಿ ಒಂದೇ ನಲ್ಲಿ. ಮೇಲೆ ಒರಳು ಇಡುವಂತಿಲ್ಲ, ಕಟಾಂಜನದ ಮೇಲೆ ಒದ್ದೆ ಸೀರೆ ಹರವುವಂತಿಲ್ಲ. ಬಂದ ವಾರದಲ್ಲೇ ನಾನು ಒಂದು ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆದೆ. ಸದ್ದು ಕೇಳಿ ಮಾಲಕರು ಮೆಟ್ಟಿಲೇರಿ ಬಂದರು.

"ಅಕ್ಕೋರ, ನಿಮ್ಮ ಹಣಿಗೆ ಯಾರರ ಮೊಳಿ ಹೊಡದ್ರ ಸುಮ್ನ ಇರ್ತೀರೇನು?"

ಬಾಡಿಗೆ ಕೊಟ್ಟು ಇಂಥ ಮಾತು ಕೇಳಬೇಕೇ ಎಂದು ನನ್ನ ಮೈ ಉರಿಯಿತು. ಆದರೆ ಊರಿನಲ್ಲಿ ಬೇರೆ ಮನೆ ಸಿಗುತ್ತಿರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ನಮ್ಮ ಮಾಳಿಗೆ ಸೋರಿತು, ಅದೂ ಮಗಳ ತೊಟ್ಟಿಲಿನ ಮೇಲೆಯೇ. ಹತ್ತಿಮತ್ತೂರಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಒಂದು ಬುಟ್ಟಿ ಸಿಮೆಂಟು ತಂದರು. ಮಾಲಕರು ಬುಟ್ಟಿಗೆ ಅಡ್ಡ ನಿಂತರು. "ಸಿಮೆಂಟು ಹಚ್ಚಿದ್ರ ಹಳೇ ಗ್ವಾಡಿ ಉಸಿರು ಕಟ್ಟಿ ಸಾಯ್ತೈತಿ. ಸುಣ್ಣದ ಗಚ್ಚಿನ ಕೆಲಸದ ಗೌಂಡಿ ಹಿರೇಕೆರೂರಿನ್ಯಾಗ ಅದಾನ, ಹೇಳಿ ಕಳಸೇನಿ, ಬರ್ತಾನ." ಗೌಂಡಿ ಬಂದದ್ದು ದಸರೆ ಮುಗಿದ ಮೇಲೆ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಾಗ. ಅಲ್ಲಿಯ ತನಕ ಮಗಳ ತೊಟ್ಟಿಲು ಕೋಣೆಯಿಂದ ಕೋಣೆಗೆ ಸುತ್ತುತ್ತಲೇ ಇತ್ತು.

ಮಾಲಕರ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಕೆಳಗಿನ ಮುಂದಿನ ಮನೆಯಲ್ಲಿ ಅವರೊಬ್ಬರೇ. ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಇಬ್ಬರು ಗಂಡುಮಕ್ಕಳು, ಈ ಹಳೆಯದನ್ನು ಕೆಡವಿ ಲಾಜು ಕಟ್ಟಿಸೋಣ ಎಂದು ಬೆನ್ನು ಹತ್ತಿದ್ದರು. ಅವರು ಬಂದು ಜಗಳಾಡಿ ಹೋದ ಮರುದಿನ ಮಾಲಕರು ನನ್ನ ಬಾಗಿಲಿಗೆ ಬಂದರು.

"ಅಕ್ಕೋರ, ಪುರಸಭೆಗೆ ಒಂದು ಅರ್ಜಿ ಬರದು ಕೊಡ್ರಿ. ಈ ಚಾಳ ಯಾರೂ ಕೆಡವಬಾರದು ಅಂತ."

"ಮಾಲಕರು ನೀವ. ನೀವು ಕೆಡವದಿದ್ರ ಆತಲ್ರಿ?"

"ನಾ ಇರೂತನಕ ಆತು. ಆಮ್ಯಾಲೆ? ಮತ್ತ ನಾಳೆ ನನ್ನ ಬುದ್ಧಿನೂ ಕೆಟ್ರ?"

ಅರ್ಜಿ ಬರೆದೆ. ಚೀಫ್ ಆಫೀಸರು ಓದಿ ಕನ್ನಡಕ ತೆಗೆದರಂತೆ. "ಇದು ಗುಡಿ ಅಲ್ಲ, ಮಸೂತಿ ಅಲ್ಲ, ಕೋಟಿ ಅಲ್ಲ. ಜನಾ ಬಾಡಗಿ ಇರೂ ಮನಿಗೆ ಅಂಥಾ ಕಾಯ್ದೆ ನಾ ಎಲ್ಲಿಂದ ತರ್ಲಿ?" ಮಾಲಕರು ಮೇಜು ಗುದ್ದಿದರಂತೆ. "ದೇವರು ಇದ್ದದ್ದಷ್ಟ ಹಳೇದೇನ್ರಿ? ಮನಷ್ಯಾರು ಇದ್ದದ್ದು ಹಳೇದಾಗೂದಿಲ್ಲ?"

ಮುಂದೆ ವರ್ಷಗಟ್ಟಲೆ ಅದೇ ಅರ್ಜಿ. ಒಂದು ಶಬ್ದ ಬದಲಿಸಬೇಕು ಎಂದು ಬರುತ್ತಿದ್ದರು. ಬರೆದುಕೊಟ್ಟರೆ, ಮೊದಲಿನದೇ ಚಲೋ ಇತ್ತು ಎಂದು ಮತ್ತೆ ಬರುತ್ತಿದ್ದರು. ಪರೀಕ್ಷೆಯ ಪೇಪರು ತಿದ್ದುವಾಗಲೇ ಅವರ ಕೆಮ್ಮು ಮೆಟ್ಟಿಲ ಮೇಲೆ ಕೇಳಿಸುತ್ತಿತ್ತು. ನಾನು ಮನೆಯಲ್ಲಿಲ್ಲ ಎಂದು ಹೇಳುವಂತೆ ಮಗಳಿಗೆ ಸನ್ನೆ ಮಾಡಿದ್ದೂ ಉಂಟು. ಅವರು ಪಡಸಾಲೆಯಲ್ಲಿ ಕೂತು ಕಾಯುತ್ತಿದ್ದರು.

ಒಮ್ಮೆ ಲಗ್ನಕ್ಕೆಂದು ಹಾನಗಲ್ಲಿಗೆ ಹೋದವರು ಅಲ್ಲಿಯ ಹಳೆಯ ಕಲ್ಲುಗುಡಿಯ ಮುಂದಿನ ನೀಲಿ ಬೋರ್ಡು ನೋಡಿ ಬಂದರು. ಬಂದವರು ಊಟವನ್ನೂ ಮಾಡದೆ ಶಿಗ್ಗಾವಿಯ ಪೇಂಟರನ ಹತ್ತಿರ ಹೋದರು. ಮರುವಾರ ನಮ್ಮ ಚಾಳಿನ ದೊಡ್ಡ ಬಾಗಿಲಿಗೆ ಅಂಥದೇ ನೀಲಿ ಬೋರ್ಡು ಬಿತ್ತು: ಇದು ಸಂರಕ್ಷಿತ ಸ್ಮಾರಕ, ಹಾನಿ ಮಾಡಿದವರಿಗೆ ದಂಡ ಮತ್ತು ಸೆರೆವಾಸ. ಊರ ಹುಡುಗರೆಲ್ಲ ನೋಡಲು ಬಂದರು. ಕೆಳಗಿನ ಮನೆಯ ಕಂಪೌಂಡರು ನಲ್ಲಿಯ ಹತ್ತಿರ, "ಅಕ್ಕೋರ, ನಾವೀಗ ಸ್ಮಾರಕದಾಗ ಮುಸುರಿ ತಿಕ್ಕಾಕತ್ತೇವಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಶಾಲೆಯಲ್ಲಿ ಮಕ್ಕಳು ನನ್ನನ್ನು ಸ್ಮಾರಕದ ಅಕ್ಕೋರು ಎನ್ನತೊಡಗಿದ್ದರು.

ಚೀಫ್ ಆಫೀಸರೇ ಸೈಕಲ್ ಮೇಲೆ ಬಂದರು. "ಸರಕಾರದ ಬೋರ್ಡು ನೀವು ಹಾಕೂಹಂಗಿಲ್ರಿ! ಕೇಸ್ ಆಗ್ತೈತಿ!"

"ಹಂಗಾದ್ರ ನೀವ ಹಾಕ್ರಿ" ಎಂದರು ಮಾಲಕರು, ತಣ್ಣಗೆ.

ಬೋರ್ಡು ಇಳಿಯಿತು, ಮಾಲಕರು ಇಳಿಯಲಿಲ್ಲ. ಪುರಸಭೆಯ ಪ್ರತಿ ಮೀಟಿಂಗಿಗೂ ಹೋಗಿ ಬಾಗಿಲ ಬಳಿ ನಿಂತರು. ಕೊನೆಗೆ ಬೇಸತ್ತ ಸದಸ್ಯರೊಬ್ಬರು, "ಒಂದು ಠರಾವು ಮಾಡಿ ಒಗೀರಿ, ಇವರ ಕಾಟಾದ್ರೂ ತಪ್ಪಲಿ" ಎಂದರಂತೆ. ಪುರಸಭೆಯ ಒಪ್ಪಿಗೆಯಿಲ್ಲದೆ ಆ ಚಾಳಿನ ಯಾವ ಭಾಗವನ್ನೂ ಕೆಡವಕೂಡದು ಎಂದು ಠರಾವು ಪಾಸಾಯಿತು. ಅಂತೂ ಮುಗಿಯಿತು ಎಂದುಕೊಂಡೆ.

ತಿಂಗಳೊಳಗೆ ಮತ್ತೆ ಕೆಮ್ಮು ಕೇಳಿಸಿತು. ಈ ಸಲದ ಅರ್ಜಿ, ತಮ್ಮ ಚಾಳಿನ ಕಟಾಂಜನ ಬಿಚ್ಚಿ ತೆಗೆಯಲು ಒಪ್ಪಿಗೆ ಕೊಡಬೇಕು ಎಂದು! ನನಗೆ ತಡೆಯಲಾಗಲಿಲ್ಲ.

"ತಲಿ ಕೆಟ್ಟೈತೇನ್ರಿ ಮಾಲಕರ? ಇಷ್ಟು ವರ್ಷ ನನ್ನ ಜೀವಾ ತಿಂದು, ಈಗ ನೀವ ಬಿಚ್ಚತೇನಿ ಅಂತೀರಿ?"

"ಬರೀರಿ ಅಕ್ಕೋರ. ಬೈಯೂದು ಆಮ್ಯಾಲೆ ಬೈರಿ."

ಬರೆದೆ. ಎಂಟು ದಿನಕ್ಕೆ ಅವರು ಮೆಟ್ಟಿಲನ್ನು ಹುಡುಗನಂತೆ ಹತ್ತಿ ಬಂದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಇಲ್ಲ ಅಂದ್ರು! ನನಗ ಇಲ್ಲ ಅಂದ್ರು! ಗಟ್ಟಿ ಐತ್ರಿ ಅಕ್ಕೋರ, ಠರಾವು ಗಟ್ಟಿ ಐತಿ!" ನಾನು ಬೈಯಲು ಬಾಯಿ ತೆರೆದವಳು ಚಹಾ ಮಾಡಲು ಒಳಗೆ ಹೋದೆ.

ಎಂಬತ್ತರ ದಶಕದ ನಡುವೆ, ಒಂದು ಬೇಸಿಗೆಯ ಮಧ್ಯಾಹ್ನ, ಗಚ್ಚು ಅರೆಯುವವನ ಮೇಲೆ ರೇಗುತ್ತ ಅಂಗಳದಲ್ಲಿ ಕೂತಿದ್ದ ಮಾಲಕರು ಎದೆ ಹಿಡಿದುಕೊಂಡು ವಾಲಿದರು. ಕಂಪೌಂಡರು ಓಡಿ ಬರುವಷ್ಟರಲ್ಲಿ ಜೀವ ಹೋಗಿತ್ತು.

ದಿನಕರ್ಮ ಮುಗಿದ ವಾರದಲ್ಲೇ ಮಕ್ಕಳು ನಮಗೆಲ್ಲ ಮನೆ ಬಿಡಲು ಹೇಳಿದರು. ನನ್ನ ಮಗಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ನಮ್ಮ ಪಕ್ಕದ ಮನೆಯ ದರ್ಜಿಗೆ ಎರಡು ಮಷಿನ್ ಇಡುವಷ್ಟು ಜಾಗ ಊರಲ್ಲಿ ಬೇರೆಲ್ಲೂ ಇರಲಿಲ್ಲ. ಬೇರೆ ಮನೆ ಹುಡುಕಿ ಹುಡುಕಿ ಸೋತೆವು. ಅಷ್ಟರಲ್ಲಿ ಒಂದು ಮುಂಜಾನೆ ಹಾರೆ ಹಿಡಿದ ಆಳುಗಳು ಬಂದು ಚಾಳಿನ ಮಾಳಿಗೆ ಹತ್ತಿದರು. ದರ್ಜಿಯ ಹೆಂಡತಿ ತನ್ನ ಮಗನನ್ನು ಪುರಸಭೆಗೆ ಓಡಿಸಿದಳು. ಬಂದವರು ಅದೇ ಚೀಫ್ ಆಫೀಸರು, ಕೂದಲು ಬೆಳ್ಳಗಾಗಿತ್ತು.

"ಇದು ನಮ್ಮ ಸ್ವಂತ ಆಸ್ತಿರಿ" ಎಂದ ಆಳುಗಳ ಜೊತೆ ಬಂದಿದ್ದ ಮಾಲಕರ ಹಿರಿಯ ಮಗ.

"ನಿಮ್ಮಪ್ಪಾರದೂ ಸ್ವಂತನ ಇತ್ತು. ಅವರಿಗೆ ಒಂದು ಕಟಾಂಜನ ಬಿಚ್ಚಾಕ ಬಿಟ್ಟಿಲ್ಲ ನಾ. ನಿಮಗ ಇಡೀ ಚಾಳ ಕೆಡವಾಕ ಹೆಂಗ ಬಿಡ್ಲಿ? ಇಳಸ್ರಿ ಆಳಗೋಳ್ನ."

ಮಗ ಕೂಗಾಡಿದ, ಕೋರ್ಟಿನ ಹೆಸರು ಹೇಳಿದ, ಕೊನೆಗೆ ಆಳುಗಳನ್ನು ಕರೆದುಕೊಂಡು ಹೋದ. ಆಫೀಸರು ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದರು. "ಇದ್ದಾಗೂ ಬಿಡ್ಲಿಲ್ಲ ಅಕ್ಕೋರ, ಸತ್ತ ಮ್ಯಾಲೂ ಬಿಡವೊಲ್ರು ನಿಮ್ಮ ಮಾಲಕರು."

ಆ ಸಂಜೆ ಯಾರೂ ಕರೆಯದೆ ಎಲ್ಲ ಮನೆಯವರೂ ಅಂಗಳಕ್ಕೆ ಬಂದು ಕೂತೆವು. ಮಾಲಕರ ಬಗ್ಗೆ ಒಬ್ಬರೂ ಒಳ್ಳೆಯ ಮಾತಾಡಲಿಲ್ಲ. ದರ್ಜಿ ಮಷಿನ್ ಸದ್ದಿಗೆ ಅವರು ಮಾಡಿದ ರಂಪ ಹೇಳಿದ. ಕಂಪೌಂಡರು ನಲ್ಲಿಯ ಜಗಳ ತೆಗೆದರು. ನಾನು ಅರ್ಜಿಗಳ ಕಥೆ ಹೇಳಿದೆ. ದರ್ಜಿಯ ಹೆಂಡತಿ, ಅವರೊಡನೆ ಎಲ್ಲರಿಗಿಂತ ಹೆಚ್ಚು ಜಗಳಾಡಿದವಳು, ಬೈಯುತ್ತ ಬೈಯುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕತ್ತಲಾಯಿತು. ಎದ್ದು ನಮ್ಮ ನಮ್ಮ ಮನೆಗೆ ಹೋಗಿ, ನಮ್ಮ ನಮ್ಮ ಬಾಗಿಲು ಹಾಕಿಕೊಂಡೆವು.