ನೀಲಿ ಬಾಗಿಲಿನ ಇಗರ್ಜಿ

ದೆವ್ವ, ಆತ್ಮ, ಸತ್ತವರು ಬಂದು ಹೇಳಿದ್ದು ಎಂಬಂಥ ಮಾತು ಎದ್ದರೆ, ಚಹಾ ತರುತ್ತೇನೆಂದು ಜಾಗ ಖಾಲಿ ಮಾಡುವವನು ನಾನು. ಪವಾಡಗಳ ವಿಷಯದಲ್ಲಿ ನಮ್ಮೂರಿನ ಪಾದ್ರಿಗಳೊಡನೆಯೂ ವಾದ ಮಾಡಿದವನು. ಈಗ ನಂಬಿಕೆ ಬಂದಿದೆ ಎಂದೂ ಹೇಳಲಾರೆ. ದುಬೈಯ ಒಂದು ಆಫೀಸಿನಲ್ಲಿ, ಮಧ್ಯಾಹ್ನ ಊಟದ ಹೊತ್ತಿಗೆ, ಎಲ್ಲ ದೀಪಗಳೂ ಉರಿಯುತ್ತಿರುವಾಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ಏನು ಬೇಕಾದರೂ ತಿಳಿದುಕೊಳ್ಳಿ.

ದುಬೈಯ ಅಲ್ ಮುರಕ್ಕಬಾತ್ ಬಡಾವಣೆಯ ಒಂದು ಟ್ರಾವೆಲ್ಸ್‌ನಲ್ಲಿ ಯುರೋಪ್ ಪ್ರವಾಸದ ಮೇಜು ನನ್ನದಾಗಿತ್ತು. ಗಿರಾಕಿಗಳಿಗೆ ಯಾವ ದಿನ ಏನು ನೋಡಬೇಕೆಂದು ಪಟ್ಟಿ ಬರೆದುಕೊಡುವುದು, ವೀಸಾದ ಕಾಗದಪತ್ರ ಜೋಡಿಸುವುದು ನನ್ನ ಕೆಲಸ. ಗ್ರೀಸ್‌ನ ನಕ್ಸೋಸ್ ದ್ವೀಪ ನನಗೆ ಬಾಯಿಪಾಠ. ಮೊದಲ ದಿನ ಬಂದರಿನ ಪಕ್ಕದ ಅಮೃತಶಿಲೆಯ ದೊಡ್ಡ ಬಾಗಿಲು. ಅದರ ಹಿಂದೆ ಗುಡಿಯಿಲ್ಲ, ಬಾಗಿಲೊಂದೇ ನಿಂತಿದೆ, ಅದರೊಳಗಿಂದ ಸೂರ್ಯಾಸ್ತ ನೋಡಬೇಕು. ಎರಡನೇ ದಿನ ಅಪೊಲೊನಾಸ್ ಊರಿನ ಮೇಲೆ, ಅರ್ಧ ಕೆತ್ತಿ ಬಿಟ್ಟು ಮಲಗಿರುವ ದೈತ್ಯ ವಿಗ್ರಹ. ಮೂರನೇ ದಿನ ಬೆಳಿಗ್ಗೆ ಹಾಲ್ಕಿಯ ಓಣಿಗಳು. ಇದನ್ನೆಲ್ಲ ನಿನ್ನೆ ನೋಡಿ ಬಂದವನ ಹಾಗೆ ಹೇಳುತ್ತಿದ್ದೆ. ನಾನು ಕಂಡದ್ದು ದುಬೈ ಮತ್ತು ಮಂಗಳೂರು, ಅಷ್ಟೇ.

ನನ್ನ ಹೆಂಡತಿ ಹಿಲ್ಡಾ ಒಂದು ಕ್ಲಿನಿಕ್‌ನಲ್ಲಿ ನರ್ಸ್. ನಾನು ಮನೆಗೆ ತಂದ ಪಟ್ಟಿಗಳನ್ನು ಓದಿ ಓದಿ ಆ ದ್ವೀಪದ ಹುಚ್ಚು ಹತ್ತಿಸಿಕೊಂಡಿದ್ದಳು. "ಈ ಮಲಗಿದವನನ್ನು ನೋಡ್ಬೇಕು. ನಮ್ಮ ಕಾರ್ಕಳದ ಗೊಮ್ಮಟ ಅಷ್ಟು ವರ್ಷದಿಂದ ನಿಂತೇ ಇದ್ದಾನೆ, ಇವನಿಗೆ ಎಂತ ಸೋಮಾರಿತನ?" ಎಂದು ನಗುತ್ತಿದ್ದಳು. ಮದುವೆಯ ಹತ್ತನೇ ವರ್ಷ ಹೋಗುವುದೆಂದು ಮಾತಾಯಿತು. ಅಗಲ ಅಂಚಿನ ಒಂದು ಟೋಪಿಯನ್ನೂ ಕೊಂಡಳು.

ಆ ಬೇಸಗೆ ಮ್ಯಾನೇಜರ್ ನನ್ನನ್ನು ಕರೆದು, ಸೀಸನ್‌ನಲ್ಲಿ ರಜೆ ಹಾಕುವವನಿಗೆ ಸೂಪರ್‌ವೈಸರ್ ಕುರ್ಚಿ ಸಿಗುವುದಿಲ್ಲ ಎಂದ. ನನಗೆ ಆ ಕುರ್ಚಿ ಬೇಕಾಗಿತ್ತು. ಅದನ್ನು ಹೆಂಡತಿಗೆ ಹೇಳುವ ಧೈರ್ಯವಿರಲಿಲ್ಲ. ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ಮೂರು ವಾರ ನನ್ನ ಮೇಜಿನ ಖಾನೆಯಲ್ಲಿಟ್ಟು, ಒಂದು ಸಂಜೆ ಮನೆಗೆ ಹೋಗಿ, "ವೀಸಾ ಸಿಗಲಿಲ್ಲ, ಇಬ್ಬರದ್ದೂ ರಿಜೆಕ್ಟ್" ಎಂದೆ. ಅರ್ಜಿಯನ್ನೇ ಹಾಕಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ನಾನೇ. ಅವಳು ನನ್ನನ್ನೇ ಸಮಾಧಾನ ಮಾಡಿದಳು. "ಹೋಗ್ಲಿ ಬಿಡಿ, ನೀವೆಂತ ಮಾಡ್ಲಿಕ್ಕಾಗ್ತದೆ?" ಎಂದು ಟೋಪಿಯನ್ನು ಕಪಾಟಿನ ಮೇಲೆ ಎತ್ತಿಟ್ಟಳು. ಕುರ್ಚಿ ಮ್ಯಾನೇಜರನ ಭಾವಮೈದುನನಿಗೆ ಹೋಯಿತು.

ಮರುವರ್ಷ ಅವಳಿಗೆ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ಆಸ್ಪತ್ರೆಯಲ್ಲಿ ಮಲಗಿಕೊಂಡು ದ್ವೀಪದಲ್ಲಿ ತಿರುಗಾಡುತ್ತಿದ್ದಳು. "ಮೂರನೇ ದಿನ ಸಂಜೆ ಗುಡ್ಡದ ಮೇಲಿನ ಸಣ್ಣ ಇಗರ್ಜಿಗೆ ಹೋಗ್ತೇನೆ. ನೀಲಿ ಬಾಗಿಲು. ಕೀ ಕೆಳಗಿನ ಮನೆ ಅಜ್ಜಿ ಹತ್ರ ಉಂಟು. ನನ್ನ ತೇರ್ಸ್ ಅಲ್ಲಿ ನೇತು ಹಾಕಿ ಬರ್ತೇನೆ" ಎಂದಳು ಒಮ್ಮೆ. ತೇರ್ಸ್ ಎಂದರೆ ನಮ್ಮ ಜಪಮಾಲೆ. ಅವಳದ್ದರಲ್ಲಿ ಒಂದು ಮಣಿ ಒಡೆದುಹೋಗಿ, ಆ ಜಾಗಕ್ಕೆ ನನ್ನ ಆಫೀಸಿನ ಅಂಗಿಯ ಕೆಂಪುಗಂದು ಗುಂಡಿಯನ್ನು ಅವಳೇ ಪೋಣಿಸಿಕೊಂಡಿದ್ದಳು. ಅಂಥ ಇಗರ್ಜಿ ಯಾವ ಪಟ್ಟಿಯಲ್ಲೂ ಇಲ್ಲ ಎಂದೆ. "ನೀವು ಹೋಗಿ ನೋಡಿದ್ದೀರಾ?" ಎಂದು ಕೇಳಿದಳು.

ಡಿಸೆಂಬರಿನಲ್ಲಿ ಹೋಗಿಬಿಟ್ಟಳು. ಊರಿಗೆ ಕಳುಹಿಸುವ ಪೆಟ್ಟಿಗೆ ಮುಚ್ಚುವ ಮೊದಲು ಆ ತೇರ್ಸನ್ನು ಅವಳ ಬೆರಳುಗಳಿಗೆ ಸುತ್ತಿದವನು ನಾನೇ. ಅವಳ ಪಾಸ್‌ಪೋರ್ಟಿಗೆ ಕೊನೆಯದಾಗಿ ಬಿದ್ದ ಮುದ್ರೆ, ರದ್ದು ಎಂಬುದು.

೨೦೧೫ರ ಬೇಸಗೆಯಲ್ಲಿ ಇಸ್ಮಾಯಿಲ್ ಸಾಹೇಬರು ಬಂದರು. ಭಟ್ಕಳದವರು, ದುಬೈಯ ದೇರಾ ಪೇಟೆಯಲ್ಲಿ ಬಟ್ಟೆ ವ್ಯಾಪಾರ. ಹೆಂಡತಿಯೊಡನೆ ನಕ್ಸೋಸ್‌ಗೆ ಹೊರಟಿದ್ದರು. ಅವರ ಪಟ್ಟಿ ಟೈಪ್ ಮಾಡುವಾಗ ಮೂರನೇ ದಿನದ ಸಂಜೆ ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಮ್ಯಾನೇಜರ್ ಬೈಯುತ್ತಿದ್ದ. ನನಗೂ ಯಾಕೋ ಮೈಯೆಲ್ಲ ಉರಿಯುತ್ತಿತ್ತು. 'ಗುಡ್ಡದ ಮೇಲಿನ ನೀಲಿ ಬಾಗಿಲಿನ ಪುಟ್ಟ ಇಗರ್ಜಿ. ಬೀಗದ ಕೈ ಕೆಳಗಿನ ಮನೆಯ ಅಜ್ಜಿಯಲ್ಲಿ' ಎಂದು ಬರೆದು ಅವರ ಕೈಗೆ ಕೊಟ್ಟೆ. ಹಿಲ್ಡಾ ಸತ್ತದ್ದಾಗಲಿ, ಈ ಇಗರ್ಜಿಯ ಮಾತಾಗಲಿ ಅವರಿಗೆ ಗೊತ್ತಿರಲಿಲ್ಲ.

ಎರಡು ವಾರ ಕಳೆದು ಅವರು ಆಫೀಸಿನ ಬಾಗಿಲು ತಳ್ಳಿಕೊಂಡು ಬಂದಾಗ, ಉಗಿಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ಅವರು ಒಂದು ಡಬ್ಬಿ ಖರ್ಜೂರ ಮೇಜಿನ ಮೇಲಿಟ್ಟರು.

"ಎಂತ ಮಾರಾಯ್ರೇ, ಹೋಟೆಲಿನವರಿಗೇ ಗೊತ್ತಿಲ್ಲದ ಜಾಗ ನಿಮಗೆ ಹೇಗೆ ಗೊತ್ತು? ಡ್ರೈವರ್ ಮಾಫಿ ಮಾಫಿ ಅಂದ, ಇಲ್ಲವೇ ಇಲ್ಲ ಅಂತ. ನಮ್ಮವಳು ಬಿಡ್ಲಿಲ್ಲ. ಗುಡ್ಡದ ಕೆಳಗೆ ಅಜ್ಜಿ ಸಿಕ್ಕಿದ್ರು, ಕೀ ಕೊಟ್ರು. ಯಲ್ಲಾ, ಬನ್ನಿ, ನೋಡಿ" ಎಂದು ಫೋನ್ ನನ್ನ ಮುಂದೆ ಹಿಡಿದರು.

ಬಿಳಿ ಗೋಡೆ, ನೀಲಿ ಬಾಗಿಲು. ಅಲ್ಲಿಯವರೆಗೆ ನನಗೆ ಏನೂ ಅನಿಸಲಿಲ್ಲ. ಗ್ರೀಸ್‌ನಲ್ಲಿ ನೀಲಿ ಬಾಗಿಲಿಗೇನು ಬರ? ಮುಂದಿನ ಚಿತ್ರ ಒಳಗಿನದು. ಒಂದು ಮೊಳೆಗೆ ತೇರ್ಸ್ ನೇತುಹಾಕಿತ್ತು. ಅವರು ಎರಡು ಬೆರಳಿನಲ್ಲಿ ಚಿತ್ರ ದೊಡ್ಡದು ಮಾಡಿದರು. ಮಣಿಗಳ ನಡುವೆ, ನಾಲ್ಕು ತೂತಿನ ಒಂದು ಕೆಂಪುಗಂದು ಗುಂಡಿ. ಅಂಥವೇ ಆರು ಗುಂಡಿಗಳು ಆ ಹೊತ್ತಿಗೆ ನನ್ನ ಎದೆಯ ಮೇಲೆ ಇದ್ದವು.

"ಇದು ಯಾರದ್ದು ಸಾಹೇಬ್ರೇ?" ಎಂದೆ.

"ನಾನೂ ಕೇಳಿದೆ. ಅಜ್ಜಿಗೆ ಅರೆಬರೆ ಇಂಗ್ಲಿಷ್ ಬರ್ತದೆ. ಒಬ್ಬಳು ಇಂಡಿಯಾದ ಹೆಂಗಸು ಬಂದಿದ್ಲಂತೆ, ದೊಡ್ಡ ಟೋಪಿ ಹಾಕ್ಕೊಂಡು. ಒಬ್ಬಳೇ ಯಾಕೆ ಬಂದಿ ಅಂತ ಅಜ್ಜಿ ಕೇಳಿದ್ರಂತೆ. ನನ್ನ ಗಂಡನಿಗೆ ವೀಸಾ ಸಿಗ್ಲಿಲ್ಲ ಅಂದ್ಲಂತೆ." ಸಾಹೇಬರು ತಲೆಯಾಡಿಸಿದರು. "ಪಾಪ. ನಿಮ್ಮ ಹತ್ರ ಬಂದಿದ್ರೆ ನೀವು ಮಾಡಿಸಿ ಕೊಡ್ತಿದ್ರಿ."

ಹೌದು ಎಂದೆ. ಆ ಚಿತ್ರವನ್ನು ನನಗೆ ಕಳಿಸಿ ಎನ್ನಲು ಬಾಯಿ ಬರಲಿಲ್ಲ. ಅವರು ಹೋದ ಮೇಲೆ ಆಫೀಸಿನ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ. ಮನೆಗೆ ಬಂದು ಕಪಾಟಿನ ಮೇಲೆ ನೋಡಿದೆ. ಟೋಪಿ ಇರಲಿಲ್ಲ. ಅವಳ ಬಟ್ಟೆಬರೆಯನ್ನೆಲ್ಲ ನನ್ನ ನಾದಿನಿ ಊರಿಗೆ ಒಯ್ದಿದ್ದಳು, ಟೋಪಿಯೂ ಅದರಲ್ಲಿ ಹೋಗಿರಬಹುದು. ಕೇಳಿದರೆ ಅವಳಿಗೆ ನೆನಪಿಲ್ಲ.

ಮರುವರ್ಷ ಇನ್ನೊಂದು ಕುಟುಂಬವನ್ನು ಅದೇ ಗುಡ್ಡಕ್ಕೆ ಕಳುಹಿಸಿದೆ. ಅಲ್ಲಿ ಇಗರ್ಜಿಯೂ ಇಲ್ಲ, ಅಜ್ಜಿಯೂ ಇಲ್ಲ, ಅರ್ಧ ದಿನ ಹಾಳಾಯಿತು ಎಂದು ಬೈದು ಹೋದರು. ಇಸ್ಮಾಯಿಲ್ ಸಾಹೇಬರು ಸುಳ್ಳು ಹೇಳುವವರಲ್ಲ, ಹೇಳಿ ಅವರಿಗೆ ಆಗಬೇಕಾದ್ದೂ ಇಲ್ಲ. ಆ ಗುಂಡಿಯನ್ನಂತೂ ನನ್ನ ಕಣ್ಣಾರೆ ಕಂಡಿದ್ದೇನೆ. ಹಿಲ್ಡಾಳಿಗೆ ನನ್ನ ಸುಳ್ಳು ಗೊತ್ತಿತ್ತೇ? ಗೊತ್ತಿದ್ದೂ ಪರದೇಶದ ಅಜ್ಜಿಯ ಎದುರು ನನ್ನ ಮಾನ ಕಾಪಾಡಿದಳೇ? ಅಥವಾ ನನ್ನದೇ ಮಾತನ್ನು ನನಗೆ ಮುಟ್ಟಿಸಿದಳೇ? ಇಷ್ಟು ವರ್ಷ ಯೋಚಿಸಿದರೂ ತಿಳಿದಿಲ್ಲ.

ಈಗ ನನಗೆ ರಜೆ ಇದೆ, ಕೂಡಿಟ್ಟ ಹಣವಿದೆ, ಕಾಗದಪತ್ರಗಳೆಲ್ಲ ಸರಿಯಾಗಿವೆ. ಆದರೂ ಇವತ್ತಿನವರೆಗೆ ವೀಸಾಕ್ಕೆ ಅರ್ಜಿ ಹಾಕಿಲ್ಲ. ಹಾಕಿದರೆ ಸಿಕ್ಕೀತು ಎಂದು ಹೆದರಿಕೆ.