ಕೊನೆಯ ಬೆಂಚಿನ ಜಾಗ

ಪಾಠ ನಡೆಯುತ್ತಿದ್ದಾಗಲೇ ನಡುವಯಸ್ಸಿನ ಹೆಂಗಸೊಬ್ಬರು ಹುಲ್ಲಿನ ಹೊರೆಯನ್ನು ಬಾಗಿಲ ಹೊರಗೆ ಇಳಿಸಿ, ಸೆರಗನ್ನು ಮುಖದ ಮೇಲೆಳೆದುಕೊಂಡು ಒಳಗೆ ಬಂದವರೇ ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತರು. ಕಾಲೇಜಿನಲ್ಲಿ ಅದು ನನ್ನ ಮೊದಲ ದಿನ. ಗುರುಗ್ರಾಮಕ್ಕೆ ಇನ್ನೂ ಗುಡಗಾಂವ್ ಎಂಬ ಹೆಸರೇ ಇದ್ದ ಕಾಲ. ರಾಜಧಾನಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಿಂದ ಬಸ್ಸು ಬದಲಿಸಿ ಬದಲಿಸಿ, ಗುಡಗಾಂವ್ ಆಚೆಯ ಹೊಲಗಳ ನಡುವಿದ್ದ ಆ ಪುಟ್ಟ ಕ್ಯಾಂಪಸ್ಸಿಗೆ ಬಂದಿದ್ದೆ. ದೊಡ್ಡ ವಿಶ್ವವಿದ್ಯಾಲಯದ ಕಾಲೇಜೆಂದರೆ ಇದೇನಾ ಎಂದು ಬೆಳಗಿನಿಂದ ಮುಖ ಊದಿಸಿಕೊಂಡಿದ್ದವಳಿಗೆ ಈಗ ಗಾಬರಿಯೂ ಆಯಿತು. ಅಧ್ಯಾಪಕರು ಒಮ್ಮೆ ಇತ್ತ ನೋಡಿ ಪಾಠ ಮುಂದುವರಿಸಿದರು.

"ಆಂಟಿ, ಇಲ್ಲಿ ಯಾಕೆ ಕೂತಿದ್ದೀರಿ?" ಹಿಂದಿಯಲ್ಲಿ ಮೆಲ್ಲಗೆ ಕೇಳಿದೆ.

ಆಕೆ ಸೆರಗಿನ ಒಳಗೇ ಬೆವರು ಒರೆಸಿಕೊಂಡರು. "ಇಲ್ಲಿ ನಮ್ಮ ಬಾವಿಕಟ್ಟೆ ಇತ್ತು, ಬೇಟಿ. ಹುಲ್ಲು ಕೊಯ್ದು ಸುಸ್ತಾದಾಗ ಅದರ ಮೇಲೇ ಕೂರ್ತಿದ್ದೆ. ಕಾಲೇಜು ಕಟ್ಟೋಕೆ ಹೊಲ ತಗೊಂಡ್ರು. ಅಭ್ಯಾಸ ಹೋಗಿಲ್ಲ."

ಸ್ವಲ್ಪ ಹೊತ್ತು ಫ್ಯಾನಿನ ಗಾಳಿಗೆ ಕೂತಿದ್ದು ಎದ್ದರು, ಹೊರೆ ಹೊತ್ತು ಹೊರಟರು.

ಮುಂದೆ ಅಲ್ಲಿ ಓದಿದಷ್ಟು ದಿನವೂ ಆ ಬೆಂಚಿನ ತುದಿ ಬಿಟ್ಟೇ ಕೂತೆ. ಯಾವ ಕಾಲೇಜು ಎಂದು ಕೇಳಿದವರಿಗೆ ಈಗಲೂ ವಿಶ್ವವಿದ್ಯಾಲಯದ ದೊಡ್ಡ ಹೆಸರನ್ನೇ ಹೇಳುತ್ತೇನೆ. ಓದಿದ್ದು ಮಾತ್ರ ಆಕೆಯ ಬಾವಿಕಟ್ಟೆಯ ಮೇಲೆ.