ದೊಡ್ಡಪ್ಪನ ಸಾಬೂನು ಡಬ್ಬಿ

ಬೆಸುಗೆ ಕಡ್ಡಿ ಕಾದು ರಾಳದ ಹೊಗೆ ಎದ್ದಾಗಲೆಲ್ಲ ನನಗೆ ದೇವದುರ್ಗದ ಆ ಮನೆ ನೆನಪಾಗುತ್ತದೆ. ನಿಮಗೂ ಹೀಗೆ ನೆನಪು ತರುವ ವಾಸನೆಯೊಂದು ಇದ್ದೀತು. ಬಸ್ ನಿಲ್ದಾಣದ ಹಿಂದೆ ಎರಡೇ ಖೋಲಿ, ಮುಂದಿನದರಲ್ಲಿ ದೊಡ್ಡಪ್ಪನ ರೇಡಿಯೊ, ಟಿವಿ ರಿಪೇರಿ. ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋದ ವಿಡಿಯೊ ಗೇಮ್ ಪೆಟ್ಟಿಗೆಯನ್ನು ಅವನು ಬದುಕಿಸಿದ್ದ. ಅದಕ್ಕೆ ರಿಮೋಟು ಎರಡು, ಮನೆಯಲ್ಲಿ ಮಕ್ಕಳು ನಾಲ್ವರು. ದೊಡ್ಡಪ್ಪನ ಮಕ್ಕಳು ಮಾರೇಶ, ಭೀಮೇಶ ಹಿಡಿದ ರಿಮೋಟು ಬಿಡುತ್ತಿರಲಿಲ್ಲ. ಹುಡುಗಿಯರು ನಾವು, ನಾನು ಮತ್ತು ತಂಗಿ ರೇಣುಕಾ, ಅವರ ಬೆನ್ನ ಹಿಂದೆ ಕೂತು ನೋಡಬೇಕು. ಒಂದು ದಿನ ನಾನು ಹಟ ಹಿಡಿದೆ, ರೊಟ್ಟಿ ಮುಟ್ಟಲಿಲ್ಲ. ನಮ್ಮಲ್ಲಿ ನಾಲ್ಕೂ ಮಕ್ಕಳಿಗೆ ಒಂದೇ ಗಂಗಾಳ. ಒಬ್ಬರು ಕೂರದಿದ್ದರೆ ಉಳಿದವರು ತುತ್ತು ಎತ್ತುವಂತಿಲ್ಲ. ಹಸಿದ ಮಾರೇಶ ಕೂಗಿದ, "ಯಪ್ಪಾ, ಈಕಿಗಿ ಹೇಳು!" ದೊಡ್ಡಪ್ಪ ನಕ್ಕ. "ಒಂದ ಗಂಗಾಳದಾಗ ನಾಕು ಕೈ ಹಿಡಸ್ತಾವ, ಆ ಪೆಟ್ಟಿಗ್ಯಾಗ ಯಾಕ ಹಿಡಸಂಗಿಲ್ಲ? ಉಣ್ಣವ್ವಾ, ಮಾಡಿ ಕೊಡ್ತೀನಿ."

ರಾಯಚೂರಿನ ಗುಜರಿಯಿಂದ ಇನ್ನೆರಡು ಹಳೇ ರಿಮೋಟು ತಂದ. ಬಟನ್ನಿಗೆ ಬಟನ್ ತಂತಿ ಬೆಸೆದು, ಗಂಟುಗಳನ್ನೆಲ್ಲ ಸಾಬೂನು ಡಬ್ಬಿಯೊಳಗೆ ಮುಚ್ಚಿದ. ನಾಲ್ವರೂ ಕೂತೆವು. ಪರದೆಯ ಮೇಲೆ ಬಂದವರು ಮಾತ್ರ ಇಬ್ಬರೇ. ನನಗೂ ಮಾರೇಶನಿಗೂ ಒಬ್ಬನೇ ಆಳು. ಅವನು ಓಡಿಸುವಾಗ ನಾನು ಹಾರಿಸಿ ಹೊಂಡಕ್ಕೆ ಕೆಡವುತ್ತಿದ್ದೆ.

"ಈಗ ಹಾರಬ್ಯಾಡ ಬೇ, ಸತ್ವಿ!"

"ನೀ ಓಡೂದಷ್ಟ ನೋಡ್ಕೋ. ಹಾರೂದು ನಂದು!"

ಕಡೆಗೆ ಹಾಗೆಯೇ ಹಂಚಿಕೊಂಡೆವು.

ಪರದೆಯ ಮೇಲೆ ನಾಲ್ವರು ಬರಲಿಲ್ಲವೆಂದು ದೊಡ್ಡಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಡಬ್ಬಿ ಬಿಚ್ಚಿ ಬಿಚ್ಚಿ ನೋಡಿದ. ಪೆಟ್ಟಿಗೆಯ ತಳದ ಇಂಗ್ಲಿಷ್ ಅಕ್ಷರ ತೋರಿಸಿ, "ನನಗ ಓದಾಕ ಬರಂಗಿಲ್ಲವ್ವಾ. ನೀ ಕಲ್ತು ಬಂದು ಹೇಳು, ನಾ ಎಲ್ಲಿ ತಪ್ಪೀನಿ ಅಂತ" ಅಂದ. ಆ ಮಾತನ್ನು ನಾನು ಬಿಡಲಿಲ್ಲ. ಗಣಿತದಲ್ಲಿ ಎರಡು ಸಲ ಫೇಲಾದೆ, ಮೂರನೆಯ ಸಲ ಕಟ್ಟಿ ಪಾಸಾದೆ. ರಾಯಚೂರಿನ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಎಲೆಕ್ಟ್ರಾನಿಕ್ಸ್ ಪದವಿ ಪಡೆದೆ. ನಮ್ಮ ಮನೆತನಕ್ಕೆ ಅದೇ ಮೊದಲ ಪದವಿ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಇರಲಿಲ್ಲ. ರಸ್ತೆ ಅಗಲವಾಗಿ ಮನೆಯೂ ಹೋಯಿತು.

ಡಬ್ಬಿಯನ್ನು ರಿಮೋಟುಗಳ ಸಮೇತ ರೇಣುಕಾ ಜೋಪಾನ ಮಾಡಿದ್ದಳು. ಮೊನ್ನೆ ಬಿಚ್ಚಿದೆ. ನಾಲ್ಕು ರಿಮೋಟು ಕೂಡಿಸುವ ಅಡಾಪ್ಟರ್ ಈಗ ಅಂಗಡಿಯಲ್ಲೇ ಸಿಗುತ್ತದೆ, ಅದು ಹೇಗೆ ಕೆಲಸ ಮಾಡುತ್ತದೆಂದು ನನಗೆ ಗೊತ್ತು. ಒಂದೊಂದು ಬೆಸುಗೆಯನ್ನೂ ಪರೀಕ್ಷಿಸಿದೆ, ಒಂದೂ ಬಿಟ್ಟಿರಲಿಲ್ಲ. ಯಾವ ಅಡಾಪ್ಟರ್ ಹಾಕಿದರೂ ಆಗುತ್ತಿರಲಿಲ್ಲ, ಆ ಆಟ ಮಾಡಿದವರು ಅದರೊಳಗೆ ಇಟ್ಟಿದ್ದೇ ಇಬ್ಬರನ್ನು. ನೀನು ಎಲ್ಲೂ ತಪ್ಪಿಲ್ಲ, ದೊಡ್ಡಪ್ಪಾ. ಇಬ್ಬರಿಗೇ ಇದ್ದ ಜಾಗದಲ್ಲಿ ನಾಲ್ವರನ್ನು ಕೂರಿಸಿದ್ದೆ.

ಮುಚ್ಚಳ ಹಾಕುವ ಮೊದಲು ನನ್ನ ರಿಮೋಟನ್ನು ಕೈಗೆತ್ತಿಕೊಂಡೆ. ಹಾರುವ ಬಟನ್ ಒಂದೇ ಸವೆದಿತ್ತು.